ಕಸದ ದಾರಿ ಇಂಡೆಂಟಿನಿಂದಲೇ: ಮಲೆನಾಡಿನ ಪಂಚಾಯಿತಿ, ಪಟ್ಟಣಗಳಿಗೊಂದು ಖರೀದಿ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಯಾವುದೇ ಸರ್ಕಾರಿ ಕಚೇರಿಯ ಹಿಂಬದಿ ಕೋಣೆಯ ಬೀಗ ತೆಗೆಸಿ ನೋಡಿ. ಕೆಟ್ಟ ಸಿಪಿಯು, ಖಾಲಿ ಟೋನರ್ ಕಾರ್ಟ್ರಿಜ್, ಹೋದ ವರ್ಷದ ಜಯಂತಿಯ ಬ್ಯಾನರ್, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಇದರಲ್ಲಿ ಒಂದೂ ತಾನಾಗಿ ಬಂದು ಕೂತದ್ದಲ್ಲ. ಪ್ರತಿಯೊಂದಕ್ಕೂ ಇಂಡೆಂಟ್ (ಖರೀದಿಯ ಬೇಡಿಕೆ ಪತ್ರ) ಇದೆ, ಬಿಲ್ ಇದೆ, ದಾಸ್ತಾನು ವಹಿಯಲ್ಲಿ ನಮೂದಿದೆ. ಕಸದ ಮಾತು ಬಂದಾಗ ಎಲ್ಲರ ಕಣ್ಣು ಅನುಪಿನಕಟ್ಟೆಯಂಥ ವಿಲೇವಾರಿ ಜಾಗದತ್ತ ಹೋಗುತ್ತದೆ. ಆದರೆ ಆ ಕಸ ಎಷ್ಟಾಗಬೇಕು, ಒಣಗಿ ಬರಬೇಕೋ ಕೊಳೆತು ಬರಬೇಕೋ ಎಂಬುದರ ದೊಡ್ಡ ಪಾಲು ಖರೀದಿ ಕಡತದಲ್ಲೇ ತೀರ್ಮಾನವಾಗಿರುತ್ತದೆ.

ಈ ಬರಹ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ), ಪಟ್ಟಣ ಪಂಚಾಯಿತಿ ಮತ್ತು ಪುರಸಭೆಯ ಪರಿಸರ ಎಂಜಿನಿಯರ್, ಆರೋಗ್ಯ ನಿರೀಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಕಾಲೇಜಿನ ಖರೀದಿ ಸಮಿತಿಯವರಿಗೆ. ಪ್ರಶ್ನೆ ಕೇಳಲು ಗ್ರಾಮಸಭೆಗೆ ಹೋಗುವವರಿಗೂ ಉಪಯೋಗಕ್ಕೆ ಬಂದೀತು. ಖರೀದಿ ಮೂರು ರೀತಿಯಲ್ಲಿ ಕೆಲಸ ಮಾಡುತ್ತದೆ: ಬೇಡದ್ದನ್ನು ಕೊಳ್ಳದೆ ಇರುವುದು, ಕಸದಿಂದ ತಯಾರಾದದ್ದನ್ನು ಕೊಳ್ಳುವುದು, ಕಸ ಎತ್ತುವ ಸೇವೆಯನ್ನೇ ಸರಿಯಾಗಿ ಕೊಳ್ಳುವುದು. ನಮ್ಮಲ್ಲಿ ಹೆಚ್ಚು ಹಣ ಹೋಗುವುದು ಮೂರನೆಯದಕ್ಕೆ, ಹೆಚ್ಚು ಕೆಡುವುದೂ ಅದೇ.

ಮೊದಲು ವಹಿ, ಆಮೇಲೆ ತಕ್ಕಡಿ

ಹಿಂದಿನ ಎರಡು ವರ್ಷದ ಬಿಲ್‌ಗಳನ್ನು ಮುಂದಿಟ್ಟುಕೊಂಡು ಪ್ರತಿ ವಸ್ತುವಿನ ಎದುರು ಒಂದೇ ಪ್ರಶ್ನೆ ಬರೆಯಿರಿ: ಇದು ಈಗ ಎಲ್ಲಿದೆ? ಕುಡಿಯುವ ನೀರಿನ ಬಾಟಲಿ, ಕಾಗದದ ಲೋಟ, ಬ್ಯಾನರ್, ಹೂಗುಚ್ಛದ ಪ್ಲಾಸ್ಟಿಕ್ ಹೊದಿಕೆ, ಬಲ್ಬು, ಬ್ಯಾಟರಿ ಎಲ್ಲವೂ ಈ ಪಟ್ಟಿಯಲ್ಲಿ ಮೇಲೆ ಬರುತ್ತವೆ.

ಆಮೇಲೆ ಕಸವನ್ನು ತೂಗಬೇಕು. ಏಳು ದಿನ ಸತತವಾಗಿ, ಹಸಿ, ಒಣ, ಸ್ಯಾನಿಟರಿ, ಅಪಾಯಕಾರಿ ಎಂದು ನಾಲ್ಕು ಭಾಗ ಮಾಡಿ, 100 ಕೆ.ಜಿ. ತಕ್ಕಡಿಯಲ್ಲಿ ತೂಗಿ. ಮಲೆನಾಡಿನಲ್ಲಿ ಇದನ್ನು ಎರಡು ಸಲ ಮಾಡಲೇಬೇಕು: ಫೆಬ್ರವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ. ಮಳೆಗಾಲದಲ್ಲಿ ರಟ್ಟು, ಬಟ್ಟೆ, ಕಾಗದ ನೀರು ಕುಡಿದು ತೂಕ ಏರಿಸಿಕೊಳ್ಳುತ್ತವೆ. ಜುಲೈ ಲೆಕ್ಕವೊಂದನ್ನೇ ಹಿಡಿದರೆ ಬೇಡದಷ್ಟು ದೊಡ್ಡ ವಾಹನ ಕೊಳ್ಳುತ್ತೀರಿ. ಫೆಬ್ರವರಿಯದೊಂದನ್ನೇ ಹಿಡಿದರೆ ಶೆಡ್ಡು ಸಾಲುವುದಿಲ್ಲ.

ಇಂಡೆಂಟಿನಲ್ಲೇ ತಡೆಯಿರಿ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಕಾನೂನು ಆಗಲೇ ಹೇಳಿ ಮುಗಿಸಿದೆ. ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್, ತೋರಣ, ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ತಟ್ಟೆ-ಲೋಟಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲಿನ ರಾಷ್ಟ್ರಮಟ್ಟದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೂ ಸರ್ಕಾರಿ ಕಾರ್ಯಕ್ರಮದ ವೇದಿಕೆಯ ಹಿಂದೆಯೇ ಫ್ಲೆಕ್ಸ್ ಕಾಣುವುದಿದೆ. ಅದರ ಬಿಲ್ ಪಾಸು ಮಾಡುವ ಕೈ ಒಂದು ಷರಾ ಬರೆದರೆ ಸಾಕು: 'ನಿಷೇಧಿತ ವಸ್ತು, ಪಾವತಿಗೆ ಅರ್ಹವಲ್ಲ'. ಒಂದೆರಡು ಬಿಲ್ ವಾಪಸು ಬಂದರೆ ಊರಿನ ಪ್ರಿಂಟಿಂಗ್ ಅಂಗಡಿಯೇ ಬಟ್ಟೆ ಬ್ಯಾನರ್ ತರಿಸಿಡುತ್ತದೆ. ಬ್ಯಾನರಿನಲ್ಲಿ ಇಸವಿ, ದಿನಾಂಕ ಬರೆಸದಿದ್ದರೆ ಮರುವರ್ಷವೂ ಅದನ್ನೇ ಕಟ್ಟಬಹುದು.

ಊಟದ ವಿಚಾರಕ್ಕೆ ಅಡಿಕೆ ಹಾಳೆ ತಟ್ಟೆ ಒಳ್ಳೆಯದೇ, ಅದು ನಮ್ಮ ತೋಟದ್ದೇ. ಆದರೆ ತಿಂಗಳಿಗೆ ಎರಡು ಮೂರು ಸಭೆ ನಡೆಸುವ ಪಂಚಾಯಿತಿಗೆ ಸ್ಟೀಲ್ ತಟ್ಟೆ-ಲೋಟವೇ ಲಾಭ. ಒಂದು ಸೆಟ್‌ಗೆ 200 ರೂಪಾಯಿ ಎಂದಿಟ್ಟುಕೊಂಡರೆ 300 ಸೆಟ್‌ಗೆ 60 ಸಾವಿರ. ಬಿಸಾಡುವ ತಟ್ಟೆ-ಲೋಟಕ್ಕೆ ಊಟವೊಂದಕ್ಕೆ 6 ರೂಪಾಯಿ ಹಿಡಿದರೆ 10 ಸಾವಿರ ಊಟಕ್ಕೆ ಅಸಲು ಬರುತ್ತದೆ. ತೊಳೆಯುವ ಕೂಲಿ ಸೇರಿಸಿದರೆ ಇನ್ನೂ ಸ್ವಲ್ಪ ತಡ. ಸೆಟ್‌ಗಳನ್ನು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಕೈಗೆ ಕೊಟ್ಟು, ಮದುವೆ, ಗೃಹಪ್ರವೇಶಕ್ಕೆ ಬಾಡಿಗೆಗೆ ಬಿಡಿ. ಲೋಟದ ಮೇಲೆ ಪಂಚಾಯಿತಿ ಹೆಸರು ಕೆತ್ತಿಸುವುದು ಮರೆಯಬೇಡಿ, ಇಲ್ಲದಿದ್ದರೆ ವರ್ಷದೊಳಗೆ ಕಾಲು ಭಾಗ ಊರಿನ ಅಡುಗೆಮನೆಗಳಲ್ಲಿ ಕರಗಿಹೋಗುತ್ತದೆ.

ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಬ್ಯಾಟರಿಗಳ ಟೆಂಡರಿನಲ್ಲಿ ಎರಡು ಸಾಲು ಇರಲಿ: ಹಳೆಯದನ್ನು ಬೈಬ್ಯಾಕ್ (ಮರುಖರೀದಿ) ದರ ನಮೂದಿಸಿ ಒಯ್ಯಬೇಕು, ಮತ್ತು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿದ ದಾಖಲೆ ಕೊಟ್ಟ ಮೇಲೆಯೇ ಕೊನೆಯ ಕಂತು. 2022ರ ಇ-ತ್ಯಾಜ್ಯ ನಿಯಮ ಮತ್ತು ಬ್ಯಾಟರಿ ತ್ಯಾಜ್ಯ ನಿಯಮ ಇದಕ್ಕೆ ಬೆನ್ನಿಗಿವೆ. ಗುಜರಿಯವನಿಗೆ ಹರಾಜು ಹಾಕಿದರೆ ಕೈಗೆ ನಗದು ಬರುತ್ತದೆ, ಆದರೆ ತಾಮ್ರ ತೆಗೆಯಲು ವೈರ್ ಸುಡುವ ಹೊಗೆ ಊರಾಚೆ ಎಲ್ಲೋ ಏಳುತ್ತದೆ.

ಗೊಬ್ಬರ: ಕೊಳ್ಳುವವರಿಲ್ಲದೆ ಯಾವ ಘಟಕವೂ ಉಳಿಯದು

ಹಸಿ ಕಸದ ಘಟಕಗಳು ಮುಚ್ಚುವುದು ಹೆಚ್ಚಾಗಿ ಯಂತ್ರ ಕೆಟ್ಟು ಅಲ್ಲ. ತಯಾರಾದ ಗೊಬ್ಬರ ಶೆಡ್ಡಿನಲ್ಲೇ ಉಳಿದು, ಹೊಸ ಕಸ ಸುರಿಯಲು ಜಾಗವಿಲ್ಲದೆ. 15 ಸಾವಿರ ಜನರ ಪಟ್ಟಣವನ್ನು ತೆಗೆದುಕೊಳ್ಳಿ. ತಲಾ 300 ಗ್ರಾಂ ಎಂದರೆ ದಿನಕ್ಕೆ ನಾಲ್ಕೂವರೆ ಟನ್ ಕಸ, ಅರ್ಧ ಹಸಿ. ಅದರ ಐದನೇ ಒಂದು ಭಾಗ ಗೊಬ್ಬರವಾಗಿ ಕೈಗೆ ಬಂದರೂ ದಿನಕ್ಕೆ 450 ಕೆ.ಜಿ., ವರ್ಷಕ್ಕೆ 160 ಟನ್ ಮೀರುತ್ತದೆ.

ಇದಕ್ಕೆ ಬೇಡಿಕೆ ಇಲ್ಲವೆಂದಲ್ಲ. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರೆಲೆ, 12 ಕೆ.ಜಿ. ಕಾಂಪೋಸ್ಟ್ ಶಿಫಾರಸು. ಎಕರೆಗೆ 550 ಮರ ಹಿಡಿದರೆ ಆರೂವರೆ ಟನ್. ಅಂದರೆ ಆ ಇಡೀ ಪಟ್ಟಣದ ಗೊಬ್ಬರ 25 ಎಕರೆ ತೋಟಕ್ಕೆ ಮುಗಿಯಿತು. ಆದರೂ ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರ ಪೇಟೆಯ ಗೊಬ್ಬರವನ್ನು ನಂಬುವುದಿಲ್ಲ. ಗಾಜು, ಬ್ಲೇಡು, ಪ್ಲಾಸ್ಟಿಕ್ ಚೂರು ತೋಟಕ್ಕೆ ಬರುತ್ತದೆಂಬ ಅವರ ಭಯ ಸುಳ್ಳೂ ಅಲ್ಲ. ಈ ನಂಬಿಕೆ ಕಟ್ಟುವವರೆಗೆ ಮೊದಲ ಗಿರಾಕಿ ಸರ್ಕಾರವೇ ಆಗಬೇಕು. ಅರಣ್ಯ ಇಲಾಖೆಯ ನರ್ಸರಿ, ತೋಟಗಾರಿಕೆ ಇಲಾಖೆಯ ಫಾರಂ, ಇರುವಕ್ಕಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯದ ತಾಕುಗಳು, ರಸ್ತೆಬದಿ ಗಿಡ, ಪಾಲಿಕೆ ಉದ್ಯಾನ. ಸ್ಥಳೀಯ ಸಂಸ್ಥೆಗಳು ತಮ್ಮ ಉದ್ಯಾನಗಳಲ್ಲಿ ರಾಸಾಯನಿಕ ಗೊಬ್ಬರ ಬಿಟ್ಟು ಕಾಂಪೋಸ್ಟ್ ಬಳಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮವೇ ಹೇಳಿತ್ತು. ಹೀಗಿದ್ದೂ ಉದ್ಯಾನದ ಅಂದಾಜುಪಟ್ಟಿಯಲ್ಲಿ 'ಕೊಟ್ಟಿಗೆ ಗೊಬ್ಬರ, ಇಷ್ಟು ಘನ ಮೀಟರ್' ಎಂದು ಹಳೆಯ ಸಾಲನ್ನೇ ನಕಲು ಮಾಡುತ್ತಾ ಬರುತ್ತೇವೆ. ಮೊದಲು ಬದಲಾಗಬೇಕಾದದ್ದು ಆ ಸಾಲು.

ಬದಲಿಗೆ ಬರೆಯಬೇಕಾದ ನಿರ್ದಿಷ್ಟತೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಿಟಿ ಕಾಂಪೋಸ್ಟ್‌ಗೆ ಇರುವುದೇ: ತೇವಾಂಶ ಶೇ. 15ರಿಂದ 25, ಕನಿಷ್ಠ ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ಇಂಗಾಲ-ಸಾರಜನಕ ಅನುಪಾತ 20ಕ್ಕಿಂತ ಕಡಿಮೆ, ಸೀಸ ಕೆ.ಜಿ.ಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಇದರ ಜೊತೆಗೆ ನಿಮ್ಮದೇ ಒಂದು ಷರತ್ತು ಸೇರಿಸಿ: ಹತ್ತು ಚೀಲದಿಂದ ಒಟ್ಟುಮಾಡಿದ 1 ಕೆ.ಜಿ. ಮಾದರಿಯನ್ನು ಬಿಳಿ ಹಾಳೆಯ ಮೇಲೆ ಹರಡಿದಾಗ ಗಾಜು ಒಂದು ಚೂರೂ ಕಾಣಬಾರದು. ಚೀಲಕ್ಕೆ ಹೊಲಿಗೆ ಹಾಕಿ ಹೊರಗೆ ಮಾರುವುದಾದರೆ ಕೃಷಿ ಇಲಾಖೆಯ ಅನುಮತಿ ಬೇಕು. ಸ್ವಂತ ಉದ್ಯಾನಕ್ಕೆ ಸುರಿದುಕೊಳ್ಳಲು ಬೇಡ.

ಮಳೆಗಾಲದ ಮುಖ್ಯ ಜಗಳ ತೇವದ್ದು. ಜುಲೈನಲ್ಲಿ ಚೀಲದಲ್ಲಿ ಶೇ. 40 ನೀರು ಇರುವುದು ಮಾಮೂಲು. ತೂಕಕ್ಕೆ ತಕ್ಕ ಹಣ ಎಂದು ಬರೆದರೆ ಇಲಾಖೆ ನೀರಿಗೆ ದುಡ್ಡು ಕೊಡುತ್ತದೆ. ಪೂರ್ತಿ ತಿರಸ್ಕರಿಸಿದರೆ ಘಟಕ ನಡೆಸುವ ಮಹಿಳಾ ಸಂಘ ಮುಳುಗುತ್ತದೆ. ಮಧ್ಯದ ದಾರಿ ಟೆಂಡರಿನಲ್ಲೇ ಇರಲಿ: ಪಾವತಿಸುವ ತೂಕವನ್ನು ಶೇ. 25 ತೇವಕ್ಕೆ ಇಳಿಸಿ ಲೆಕ್ಕ ಹಾಕುವುದು. 1,000 ಕೆ.ಜಿ. ಗೊಬ್ಬರದಲ್ಲಿ ಶೇ. 40 ನೀರಿದ್ದರೆ ಒಣ ಭಾಗ 600 ಕೆ.ಜಿ.; 600ನ್ನು 0.75ರಿಂದ ಭಾಗಿಸಿದರೆ 800. ಆ 800 ಕೆ.ಜಿ.ಗೆ ಬಿಲ್. ಲ್ಯಾಬಿಗೆ ಕಳಿಸುವ ಮೊದಲು ಸ್ಥಳದಲ್ಲೇ ಒಂದು ಹಿಡಿ ಅದುಮಿ ನೋಡಿ. ಬೆರಳ ಸಂದಿಯಿಂದ ನೀರು ಇಳಿದರೆ ಲೋಡು ಇಳಿಸಬೇಡಿ. ಇನ್ನೊಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ದಿನ ಇಡಿ. ತೆಗೆದಾಗ ಕೊಳೆತ ಮೊಟ್ಟೆಯ ಅಥವಾ ಅಮೋನಿಯಾ ವಾಸನೆ ಬಂದರೆ ಅದು ಇನ್ನೂ ಮಾಗಿಲ್ಲ. ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ಘಟಕದ ಕಡೆಯಿಂದ ಗೊಬ್ಬರ ಕೆಡುವುದಕ್ಕೆ ಇಲ್ಲಿ ಒಂದೇ ದೊಡ್ಡ ಕಾರಣ, ಮಳೆ. ರಾಶಿಯ ತೇವ ಶೇ. 60 ದಾಟಿದರೆ ಗಾಳಿ ಓಡಾಡದೆ ನಾರುತ್ತದೆ, ಕಪ್ಪು ನೀರು ಇಳಿಯುತ್ತದೆ. ಹಾಗಾಗಿ ಶೆಡ್ಡಿನ ಅಂದಾಜು ಮಾಡುವಾಗ ಚಾವಣಿ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ಹೊರಚಾಚಲಿ, ನೈರುತ್ಯ ದಿಕ್ಕಿಗೆ ಇರಚಲು ತಡೆಯುವ ಮರೆ ಇರಲಿ, ನೆಲ ಸುತ್ತಲಿಗಿಂತ ಒಂದು ಅಡಿ ಎತ್ತರವಿರಲಿ. ಬಯಲುಸೀಮೆಯ ಮಾದರಿ ನಕ್ಷೆಯನ್ನು ಹಾಗೇ ತಂದು ಆಗುಂಬೆ ಕಡೆ ಕಟ್ಟಿದರೆ ಮೊದಲ ಆಷಾಢಕ್ಕೇ ಶೆಡ್ಡು ಕೆರೆ. ಹಸಿ ಕಸಕ್ಕೆ ಬೆರೆಸಲು ಒಣ ಪದಾರ್ಥವೂ ಬೇಕು. ದರಗು (ಒಣಗಿದ ಎಲೆ), ಮರದ ಮಿಲ್ಲಿನ ಹೊಟ್ಟು, ಕತ್ತರಿಸಿದ ಅಡಿಕೆ ಸಿಪ್ಪೆ. ಸಿಪ್ಪೆ ಇಡಿಯಾಗಿ ಹಾಕಿದರೆ ಬೇಗ ಕರಗುವುದಿಲ್ಲ. ಸುಗ್ಗಿ ಕಾಲದಲ್ಲಿ ಇದು ರಸ್ತೆ ಬದಿಯಲ್ಲೇ ರಾಶಿ ಬಿದ್ದಿರುತ್ತದೆ, ಬೆಂಕಿ ಹಚ್ಚುತ್ತಾರೆ. ಪಂಚಾಯಿತಿ ಅದನ್ನು ಟನ್ನಿಗಿಷ್ಟು ಎಂದು ಸಾಗಣೆ ವೆಚ್ಚ ಕೊಟ್ಟು ಕೊಂಡರೆ ಹೊಗೆಯೂ ಕಡಿಮೆ, ಮಳೆಗಾಲಕ್ಕೆ ದಾಸ್ತಾನೂ ಆಯಿತು.

ಕಸ ಎತ್ತುವ ಗುತ್ತಿಗೆ: ಟನ್ನಿಗೆ ದುಡ್ಡು ಕೊಡಬೇಡಿ

ಎತ್ತಿದ ಟನ್ನಿಗೆ ಇಷ್ಟು ಎಂದು ಒಪ್ಪಂದವಾದರೆ ಗುತ್ತಿಗೆದಾರನಿಗೆ ಕಸ ಹೆಚ್ಚಾದಷ್ಟೂ ಲಾಭ. ವಿಂಗಡಿಸಿದ ಒಣ ಕಸ ಹಗುರ, ಬೆರಕೆ ಕಸ ಭಾರ. ಮೇಲಿನಿಂದ ಚರಂಡಿ ಮಣ್ಣು, ಕಟ್ಟಡದ ಇಟ್ಟಿಗೆ ಚೂರು ಸೇರುತ್ತದೆ. ಮುಸಲಧಾರೆಯಲ್ಲಿ ತಾಡಪಾಲು ಹೊದಿಸದೆ ಲಾರಿ ಓಡಿಸಿದರಂತೂ ಮಳೆಯೇ ಬಿಲ್ ಏರಿಸುತ್ತದೆ. ಗುತ್ತಿಗೆದಾರ ಕೆಟ್ಟವನೆಂದೇನಲ್ಲ, ನಾವು ಯಾವುದಕ್ಕೆ ದುಡ್ಡು ಕೊಡುತ್ತೇವೋ ಅದನ್ನೇ ಅವನು ತಂದು ಸುರಿಯುತ್ತಾನೆ.

ಹೀಗೆ ಒಡೆದು ನೋಡಿ. ತಿಂಗಳ ಮೊತ್ತದ ಶೇ. 60 ಮನೆ ವ್ಯಾಪ್ತಿಗೆ: ನಿಗದಿತ ದಿನ ಎಷ್ಟು ಮನೆ-ಅಂಗಡಿ ಮುಟ್ಟಿದರು ಎಂಬುದಕ್ಕೆ. ಶೇ. 30 ವಿಂಗಡಣೆಗೆ: ವಾರ್ಡ್‌ವಾರು ದಿಢೀರ್ ತಪಾಸಣೆಯಲ್ಲಿ ಹತ್ತು ಮನೆಯ ಬುಟ್ಟಿ, ವಾಹನದ ಒಂದು ಲೋಡು ನೋಡಿ ಅಂಕ ಕೊಡುವುದು. ಉಳಿದ ಶೇ. 10, ಗುಂಡಿಗೆ ಹೋಗುವ ನಿರುಪಯುಕ್ತ ಭಾಗ ಒಟ್ಟು ಕಸದ ಶೇ. 20ರೊಳಗೆ ಇದ್ದರೆ ಮಾತ್ರ. ಈ ಅನುಪಾತ ಊರಿಗೆ ತಕ್ಕಂತೆ ಬದಲಾಗಲಿ, ಆದರೆ ವಿಂಗಡಣೆಯ ಪಾಲು ಶೇ. 20ಕ್ಕಿಂತ ಕೆಳಗಿಳಿದರೆ ಗುತ್ತಿಗೆದಾರ ಆ ಹಣವನ್ನು ಕೈಬಿಟ್ಟು ಬೆರಕೆಯನ್ನೇ ಒಯ್ಯುವುದು ಸಲೀಸು ಎಂದುಕೊಳ್ಳುತ್ತಾನೆ.

ಕೂಲಿಯ ಸಾಲುಗಳನ್ನು ಪ್ರತ್ಯೇಕವಾಗಿ ಬರೆಯಿರಿ: ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಕೈಗವಸು, ರೇನ್‌ಕೋಟ್, ಗಮ್‌ಬೂಟು. ಇವಕ್ಕೆ ದರ ಪೈಪೋಟಿ ಇರಕೂಡದು. ಒಟ್ಟು ಮೊತ್ತದಲ್ಲಿ ಸೇರಿಸಿಬಿಟ್ಟರೆ ಕಡಿಮೆ ದರ ಹಾಕಿದವನು ಮೊದಲು ಕತ್ತರಿಸುವುದು ಇದನ್ನೇ. ಉಂಬಳ ಹತ್ತುವ ಜಾಗದಲ್ಲಿ ಹವಾಯಿ ಚಪ್ಪಲಿಯಲ್ಲಿ ಕಸ ಎತ್ತಿಸುವ ಗುತ್ತಿಗೆ ಎಷ್ಟು ಅಗ್ಗವಾದರೂ ಬೇಡ.

ಆಯ್ದ ಒಣ ಕಸದ ಮಾರಾಟದ ಹಣ ಯಾರಿಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಆಯುವವರಿಗೇ ಎಂದು ಬರೆದ ಕಡೆ ಆಯುವ ಕೆಲಸ ಚೊಕ್ಕ ಆಗುತ್ತದೆ.

ಹಳ್ಳಿ ಪಂಚಾಯಿತಿಗಳ ಲೆಕ್ಕವೇ ಬೇರೆ. ನಮ್ಮ ಊರುಗಳೆಂದರೆ ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಹಿತ್ತಿಲಲ್ಲಿ ಗೊಬ್ಬರಗುಂಡಿ, ಕೊಟ್ಟಿಗೆಯಲ್ಲಿ ದನ ಇರುವ ಮನೆಯಿಂದ ಹಸಿ ಕಸ ಎತ್ತಲು ಡೀಸೆಲ್ ಸುಡುವುದರಲ್ಲಿ ಅರ್ಥವಿಲ್ಲ. ಪಂಚಾಯಿತಿಯ ಕಸದ ಗಾಡಿ 'ಸ್ವಚ್ಛ ವಾಹಿನಿ' ಒಣ ಕಸಕ್ಕೆ ಮಾತ್ರ ಹೋಗಲಿ. ಪೇಟೆ ಬೀದಿಗೆ ವಾರಕ್ಕೆ ಎರಡು ಸಲ, ಒಂಟಿ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ, ರಸ್ತೆ ಕೂಡುವಲ್ಲಿ ನಿಗದಿತ ಗಂಟೆಗೆ. ಹೋಂಸ್ಟೇ, ಹೋಟೆಲ್, ಕಲ್ಯಾಣಮಂಟಪಗಳದ್ದು ಬೇರೆ ದರದ ಬೇರೆ ಸೇವೆ. ಹಲವು ಪಂಚಾಯಿತಿ ಸೇರಿ ಒಂದು ದೊಡ್ಡ ವಿಂಗಡಣಾ ಕೇಂದ್ರ ನಡೆಸುವ ಮಾದರಿ ಘಟ್ಟದ ಕೆಳಗೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿದೆ, ದಿನಕ್ಕೆ 10 ಟನ್ ಸಾಮರ್ಥ್ಯದ್ದು. ಒಂಟಿ ಪಂಚಾಯಿತಿಗೆ ಬೇಲಿಂಗ್ ಯಂತ್ರ (ಒಣ ಕಸವನ್ನು ಒತ್ತಿ ಕಟ್ಟು ಕಟ್ಟುವುದು) ಕೊಳ್ಳುವ ಮೊದಲು ಅದನ್ನು ಒಮ್ಮೆ ನೋಡಿಬನ್ನಿ.

ಯಂತ್ರ, ವಾಹನ: ಬೆಲೆಗಿಂತ ಮುಂದಿನ ಐದು ವರ್ಷ

ಟಿಪ್ಪರಿನ ಭಾಗ ಹಂಚುವಾಗ ತೂಕ ನೋಡದೆ ಗಾತ್ರ ನೋಡಿ. ಒಣ ಕಸ ತೂಕದಲ್ಲಿ ಕಡಿಮೆಯಾದರೂ ಜಾಗ ಹೆಚ್ಚು ತಿನ್ನುತ್ತದೆ; ಸಮಪಾಲು ಹಾಕಿದರೆ ಒಣ ಭಾಗ ಅರ್ಧ ದಾರಿಗೇ ತುಂಬಿ, ಉಳಿದದ್ದು ಹಸಿಯ ಮೇಲೆ ಬೀಳುತ್ತದೆ. ಒಣಕ್ಕೆ 60, ಹಸಿಗೆ 40 ಸರಿಯಾದ ಆರಂಭ. ಮುಚ್ಚಳ, ಕೆಳಗೆ ಕೊಳಚೆ ನೀರು ಹಿಡಿಯುವ ತೊಟ್ಟಿ, ಸ್ಯಾನಿಟರಿ ಮತ್ತು ಅಪಾಯಕಾರಿ ಕಸಕ್ಕೆ ಪಕ್ಕದಲ್ಲಿ ಎರಡು ಡಬ್ಬಿ ನಿರ್ದಿಷ್ಟತೆಯಲ್ಲೇ ಇರಲಿ. ತುಂಬಿದ ಗಾಡಿಯನ್ನು ಊರಿನ ಅತಿ ಕಡಿದಾದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ತೋರಿಸಬೇಕೆಂಬ ಷರತ್ತನ್ನೂ ಬರೆಯಿರಿ.

'24 ಗಂಟೆಯಲ್ಲಿ ಗೊಬ್ಬರ' ಎಂದು ಮಾರುವ ಯಂತ್ರಗಳ ಬಗ್ಗೆ ಹುಷಾರು. ಅವು ಕಸವನ್ನು ಪುಡಿಮಾಡಿ ಒಣಗಿಸುತ್ತವೆ; ಮಾಗಲು ಆಮೇಲೂ ವಾರಗಟ್ಟಲೆ ಬೇಕು. ಅವಕ್ಕೆ ದಿನವೂ ಮರದ ಹೊಟ್ಟು ಬೇಕು, ತ್ರೀ-ಫೇಸ್ ವಿದ್ಯುತ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ದಿನ ಕರೆಂಟಿಲ್ಲದ ಊರುಗಳು ನಮ್ಮವು. ಟೆಂಡರಿನಲ್ಲಿ ಯಂತ್ರದ ಬೆಲೆಯೊಂದನ್ನೇ ಹೋಲಿಸದೆ ಐದು ವರ್ಷದ ವಿದ್ಯುತ್, ಹೊಟ್ಟು, ನಿರ್ವಹಣಾ ಒಪ್ಪಂದ, ಬಿಡಿಭಾಗ ಸೇರಿಸಿದ ಮೊತ್ತವನ್ನು ಹೋಲಿಸಿ. ಕೆಟ್ಟ ಯಂತ್ರವನ್ನು 72 ಗಂಟೆಯೊಳಗೆ ಸರಿಪಡಿಸದಿದ್ದರೆ ದಿನಕ್ಕಿಷ್ಟು ದಂಡ, ಮತ್ತು ಬೆಲೆಯ ಶೇ. 10ರ ಪಾವತಿ ಯಂತ್ರ ಒಂದು ಪೂರ್ತಿ ಮಳೆಗಾಲ ಓಡಿದ ಮೇಲೆ. ಸ್ಯಾನಿಟರಿ ಪ್ಯಾಡ್ ಸುಡುವ ಸಣ್ಣ ಬರ್ನರ್‌ಗಳನ್ನು ಕೊಳ್ಳಲೇಬೇಡಿ ಎಂಬುದು ನಮ್ಮ ಅಭಿಪ್ರಾಯ. ಕಡಿಮೆ ಬಿಸಿಯಲ್ಲಿ ಪ್ಲಾಸ್ಟಿಕ್ ಪದರ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ.

ರಸ್ತೆ, ಕಟ್ಟಡ

ಮಾರಲಾಗದ ತೆಳು ಪ್ಲಾಸ್ಟಿಕ್‌ಗೆ ಹತ್ತಿರದ ದೊಡ್ಡ ಗಿರಾಕಿ ಡಾಂಬರು ರಸ್ತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 98 ಮಾರ್ಗಸೂಚಿ 2013ರಿಂದಲೇ ಇದೆ. ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಎರಚಿ, ಅದು ಕರಗಿ ಕಲ್ಲಿಗೆ ಅಂಟಿದ ಮೇಲೆ ಡಾಂಬರು ಬೆರೆಸುವುದು ಅದರ ಕ್ರಮ. 3.75 ಮೀಟರ್ ಅಗಲ, 25 ಮಿ.ಮೀ. ದಪ್ಪದ ಒಂದು ಕಿ.ಮೀ.ಗೆ ಸುಮಾರು 215 ಟನ್ ಮಿಶ್ರಣ, ಶೇ. 5 ಡಾಂಬರು ಎಂದರೆ ಹನ್ನೊಂದು ಟನ್ ಹತ್ತಿರ, ಅದರ ಶೇ. 8 ಪ್ಲಾಸ್ಟಿಕ್ ಅಂದರೆ ಸುಮಾರು 860 ಕೆ.ಜಿ. ಪಿವಿಸಿ ಮಾತ್ರ ಸೇರಕೂಡದು, ಬಿಸಿಗೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬಿಡುತ್ತದೆ. ಒದ್ದೆ, ಮಣ್ಣು ಮೆತ್ತಿದ ಪ್ಲಾಸ್ಟಿಕ್ ಕಲ್ಲಿಗೆ ಅಂಟುವುದಿಲ್ಲ. ಆದ್ದರಿಂದ ಡಾಂಬರು ಹಾಕುವ ಬೇಸಿಗೆಗೆ ಬೇಕಾದ ಚೂರನ್ನು ಡಿಸೆಂಬರ್‌ನಿಂದಲೇ ಒಣಗಿಸಿ ಚೀಲ ತುಂಬಿಸಿಡಬೇಕು. ಪಂಚಾಯಿತಿಯ ಕಸ ವಿಂಗಡಣಾ ಘಟಕವಾದ ಸ್ವಚ್ಛ ಸಂಕೀರ್ಣದಿಂದ ಎಷ್ಟು ಕೆ.ಜಿ. ಬಂತು ಎಂಬ ರಸೀದಿ ಅಳತೆ ಪುಸ್ತಕಕ್ಕೆ ಅಂಟಿಸದೆ ಬಿಲ್ ಆಗದಂತೆ ಷರತ್ತು ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕಾಗದದ ಮೇಲೆ ಮಾತ್ರ ಬೆರೆಯುತ್ತದೆ.

ಹಳೆಯ ಶಾಲೆ, ಕಚೇರಿ ಕೆಡವಿದ ಕಾಂಕ್ರೀಟನ್ನೂ ಹೀಗೇ ಬಳಸಬಹುದು. ಭಾರತೀಯ ಮಾನಕ ಐಎಸ್ 383:2016ರ ಪ್ರಕಾರ ಮರುಬಳಕೆಯ ಕಾಂಕ್ರೀಟ್ ಜಲ್ಲಿಯನ್ನು ಸಾದಾ ಕಾಂಕ್ರೀಟಿಗೆ ಶೇ. 25ರವರೆಗೆ, ಎಂ-25 ದರ್ಜೆವರೆಗಿನ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಶೇ. 20ರವರೆಗೆ, ಎಂ-15ಕ್ಕಿಂತ ಕೆಳಗಿನ, ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟಿಗೆ ಪೂರ್ತಿಯಾಗಿ ಸೇರಿಸಬಹುದು.

ಕಡತ ಆಡಿಟ್ ದಾಟುವುದು ಹೇಗೆ

'ಕಡಿಮೆ ದರ ಬಿಟ್ಟು ದುಬಾರಿ ಯಾಕೆ?' ಎಂಬುದೊಂದೇ ಎಲ್ಲರ ಭಯ. ಸಾರ್ವಜನಿಕ ಖರೀದಿಗೆ ಅನ್ವಯಿಸುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ, ಅಂದರೆ ಕೆಟಿಪಿಪಿ, ಇದಕ್ಕೆ ಅಡ್ಡಿಯಲ್ಲ. ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದ ಮಾನದಂಡದ ಮೇಲೆ ಮೌಲ್ಯಮಾಪನವಾಗಬೇಕೆಂಬುದು ಅದರ ಬೇಡಿಕೆ. ಐದು ವರ್ಷದ ವೆಚ್ಚ, ತೇವದ ಸೂತ್ರ, ಬೈಬ್ಯಾಕ್ ಎಲ್ಲವೂ ಟೆಂಡರನ್ನು ಖರೀದಿ ಪೋರ್ಟಲ್‌ಗೆ ಏರಿಸುವ ದಿನವೇ ಅದರಲ್ಲಿರಬೇಕು. ಲಕೋಟೆ ತೆರೆದ ಮೇಲೆ ಸೇರಿಸಿದ ಹಸಿರು ಷರತ್ತು ಎಷ್ಟೇ ಒಳ್ಳೆಯದಾದರೂ ಆಕ್ಷೇಪಣೆಗೆ ಗುರಿ. ಬ್ರಾಂಡ್ ಹೆಸರು ಬರೆಯಬೇಡಿ, ಅಳೆಯಲು ಆಗುವ ಗುಣವನ್ನೇ ಬರೆಯಿರಿ: 'ಪರಿಸರಸ್ನೇಹಿ' ಎಂಬ ಪದವನ್ನು ಯಾರೂ ತೂಗಲಾರರು, 4 ಮಿ.ಮೀ. ಜರಡಿಯನ್ನು ಎಲ್ಲರೂ ಹಿಡಿಯಬಲ್ಲರು. ಟೆಂಡರಿಲ್ಲದೆ ನೇರವಾಗಿ ಕೊಳ್ಳುವ ಮಿತಿ ಆಗಾಗ ತಿದ್ದುಪಡಿಯಾಗುವುದರಿಂದ ಚಾಲ್ತಿ ಮೊತ್ತವನ್ನು ಲೆಕ್ಕಶಾಖೆಯಲ್ಲಿ ಕೇಳಿ, ಆದೇಶದ ಸಂಖ್ಯೆಯನ್ನು ಟಿಪ್ಪಣಿಯಲ್ಲೇ ನಮೂದಿಸಿ. ಮಿತಿಯೊಳಗೆ ಬರಲೆಂದು ಒಂದೇ ಖರೀದಿಯನ್ನು ತುಂಡು ಮಾಡುವುದು ಮಾತ್ರ ಬೇಡ.

ಇನ್ನು ಕಾಲದ ಲೆಕ್ಕ. ಹಣಕಾಸು ವರ್ಷ ಮಾರ್ಚ್‌ಗೆ ಮುಗಿಯುತ್ತದೆ, ಮಳೆ ಜೂನ್‌ಗೆ ಹಿಡಿಯುತ್ತದೆ. ಮಾರ್ಚ್ ಕೊನೆಯ ವಾರ ಕಾರ್ಯಾದೇಶ ಕೊಟ್ಟ ಶೆಡ್ಡು ಪಾಯದ ಹಂತದಲ್ಲೇ ನೆನೆಯುತ್ತದೆ. ಶೆಡ್ಡು, ಯಂತ್ರದ ಟೆಂಡರ್ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೊರಡಲಿ, ಕೆಲಸ ಜನವರಿಯಿಂದ ಏಪ್ರಿಲ್‌ವರೆಗೆ. ಗೊಬ್ಬರದ ದರ ಒಪ್ಪಂದ ಫೆಬ್ರವರಿಯೊಳಗೆ ಮುಗಿದರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಒಣಗಿದ ಚೀಲಗಳು ಜುಲೈನ ವನಮಹೋತ್ಸವದ ಗುಂಡಿಗಳಿಗೆ ಸಿಗುತ್ತವೆ. ನರ್ಸರಿಗಳಿಗೆ ಅದಕ್ಕೂ ಮೊದಲೇ ಬೇಕು, ಅವರ ಇಂಡೆಂಟನ್ನು ನವೆಂಬರ್‌ನಲ್ಲೇ ಕೇಳಿ ಪಡೆಯಿರಿ.